ಒಂದೇ ಬೋರ್‌ವೆಲ್ ನೀರಿಗೆ ಮೂರು ಪಿಎಚ್: ತಪ್ಪು ಮೀಟರ್‌ದಾ, ನಮ್ದಾ?

ತಾಲ್ಲೂಕು ಲ್ಯಾಬ್ · ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಬಯಲುಸೀಮೆಯ ಒಂದು ತಾಲ್ಲೂಕಿನ ಕುಡಿಯುವ ನೀರಿನ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಊರಿನ ಹೆಸರು ಬೇಡ, ಸುಮ್ನೆ ಯಾಕೆ. ಸೇರಿ ಒಂದೂವರೆ ವರ್ಷ ಆಯ್ತು.

ಹೋದ ವಾರ ಒಂದು ಹಳ್ಳಿಯ ಬೋರ್‌ವೆಲ್ ನೀರಿಗೆ ಮೂರು ಥರ ಪಿಎಚ್ (ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಂಕಿ) ಬಂತು. ಬೋರ್‌ವೆಲ್ ಪಕ್ಕದಲ್ಲೇ ಪೆನ್ ಮೀಟರ್‌ನಲ್ಲಿ ನೋಡಿದಾಗ 7.1. ಅದೇ ನೀರನ್ನು ಕ್ಯಾನ್‌ನಲ್ಲಿ ತಂದು ಲ್ಯಾಬ್‌ನ ಟೇಬಲ್ ಮೀಟರ್‌ನಲ್ಲಿ ನೋಡಿದರೆ 8.0. ಇನ್ನೊಂದು ಬಾಟಲಿ ಜಿಲ್ಲಾ ಲ್ಯಾಬ್‌ಗೆ ಹೋಗಿತ್ತು, ಅಲ್ಲಿಂದ ಬಂದಿದ್ದು 7.6.

ಐಎಸ್ 10500 (ಕುಡಿಯುವ ನೀರಿನ ಭಾರತೀಯ ಮಾನದಂಡ) ಪ್ರಕಾರ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಮೂರೂ ಅದರೊಳಗೇ ಇವೆ. ನಮ್ಮ ಸಾಹೇಬರು "ಪಾಸ್ ಆಯ್ತಲ್ಲ, ಇನ್ನೇನು" ಅಂದರು. ಆದರೆ ಹಳ್ಳಿಯಲ್ಲಿ ಒಬ್ಬರು ಮೂರು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು "ಇದ್ರಲ್ಲಿ ಯಾವುದು ನಿಜ ಮೇಡಂ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಟೇಬಲ್ ಮೀಟರನ್ನು ಪ್ರತಿ ಸೋಮವಾರ 7 ಮತ್ತು 9.2 ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಕ್ಯಾಲಿಬ್ರೇಟ್ ಮಾಡುತ್ತೇನೆ. ಈಗ ಸ್ಲೋಪ್ (ನೀರಲ್ಲಿ ಅದ್ದುವ ಎಲೆಕ್ಟ್ರೋಡ್ ಎಷ್ಟು ಚುರುಕಾಗಿದೆ ಅನ್ನುವ ಅಂಕಿ) 89% ತೋರಿಸುತ್ತಿದೆ. ಹೋದ ವರ್ಷ 98 ಇತ್ತು. ಸರ್ವೀಸ್‌ನವರು ಫೋನಿನಲ್ಲೇ "ಹಳೇದಾಯ್ತು, ಹೊಸದು ತಗೊಳ್ಳಿ" ಅಂದರು. ನಿಜವಾಗಿಯೂ ಹೊಸದು ಬೇಕಾ? ನಮ್ಮಲ್ಲಿ ಹೊಸ ಮೀಟರ್ ಅಂದರೆ ಆರು ತಿಂಗಳ ಫೈಲು.

ಮಿನರಲ್ ವಾಟರ್ · ಸೋಮವಾರ, ರಾತ್ರಿ 9:41

ಪೆನ್ ಮೀಟರನ್ನು ಮೊದಲು ಬಿಸಾಡಿ. ಅದು ಆಟದ ಸಾಮಾನು.

ಮಿಲಿವೋಲ್ಟ್ · ಸೋಮವಾರ, ರಾತ್ರಿ 10:05

ಅಷ್ಟು ಬೇಗ ಬಿಸಾಡಬೇಡಿ ಸರ್. ಕ್ಯಾಲಿಬ್ರೇಟ್ ಮಾಡಿದ ಪೆನ್ ಮೀಟರ್ 0.1ರ ಮಟ್ಟಿಗೆ ಚೆನ್ನಾಗಿಯೇ ಹೇಳುತ್ತದೆ. ಇಲ್ಲಿ ವ್ಯತ್ಯಾಸ ಇರುವುದು 0.9.

ಮೇಡಂ, ನಾನು ಮೀಟರ್ ಸರ್ವೀಸ್ ಮಾಡುವವನು. ನಿಮ್ಮ ಸರ್ವೀಸ್‌ನವನಲ್ಲ, ಬೇರೆ ಜಿಲ್ಲೆ! ಕಾಲ್ ಬಂದಾಗ ಮೀಟರ್ ಬಿಚ್ಚುವ ಪ್ರಸಂಗವೇ ಕಡಿಮೆ. ಕೆಡುವುದು ಎಲೆಕ್ಟ್ರೋಡ್, ಇಲ್ಲ ಅಂದರೆ ಬಫರ್.

ಮೀಟರ್ ಸರಿ ಇದೆಯಾ ಅಂತ ನೀವೇ ನೋಡಬಹುದು. ಎಲೆಕ್ಟ್ರೋಡ್ ಕೇಬಲ್ ತೆಗೆಯಿರಿ. ಮೀಟರ್ ಹಿಂದಿನ ಸಾಕೆಟ್‌ನಲ್ಲಿ ನಡುವಿನ ತೂತಿಗೂ ಹೊರಗಿನ ಲೋಹದ ಬಳೆಗೂ ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ತಾಗಿಸಿ. ಮಿಲಿವೋಲ್ಟ್ ಮೋಡ್‌ನಲ್ಲಿ 0 ಬಂದು ಅಲುಗಾಡದೆ ನಿಂತರೆ ಮೀಟರ್ ಬಹುತೇಕ ಗಟ್ಟಿಯಾಗಿದೆ ಅಂತ.

ಆಮೇಲೆ ಎಲೆಕ್ಟ್ರೋಡ್ ಹಾಕಿ, ಎರಡೂ ಬಫರ್‌ನಲ್ಲಿ ಮಿಲಿವೋಲ್ಟ್ ಎಷ್ಟು ಅಂತ ಬರೆದು ಹಾಕಿ. ಪಿಎಚ್ ಬೇಡ, ಮಿಲಿವೋಲ್ಟ್ ಮಾತ್ರ. ಪಿಎಚ್ ಅನ್ನುವುದು ಮೀಟರ್ ಲೆಕ್ಕ ಹಾಕಿ ಹೇಳುವ ಮಾತು, ಎಲೆಕ್ಟ್ರೋಡ್ ಕೊಡುವುದು ವೋಲ್ಟೇಜ್ ಒಂದನ್ನೇ.

ನಿವೃತ್ತ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:15

ಮೂರು ಪ್ರಶ್ನೆ ಅಮ್ಮ. 9.2 ಬಫರ್ ಬಾಟಲಿ ತೆರೆದಿದ್ದು ಯಾವಾಗ? ಬಳಸಿದ ಬಫರನ್ನು ಮತ್ತೆ ಬಾಟಲಿಗೆ ಸುರಿಯುತ್ತೀರಾ? ಎಲೆಕ್ಟ್ರೋಡನ್ನು ರಾತ್ರಿ ಯಾವುದರಲ್ಲಿ ಇಡುತ್ತೀರಿ?

ತಾಲ್ಲೂಕು ಲ್ಯಾಬ್ · ಮಂಗಳವಾರ, ಮಧ್ಯಾಹ್ನ 1:30

ಮೇಷ್ಟ್ರೇ, ಸ್ವಲ್ಪ ನಾಚಿಕೆ ಆಗುತ್ತಿದೆ.

ಬಫರ್ ಕ್ಯಾಪ್ಸೂಲ್ ಒಡೆದು 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ ಹಾಕಿ ಮಾಡಿದ್ದು. ಬಾಟಲಿ ಮೇಲೆ ತಾರೀಕಿಲ್ಲ. ನೆನಪಿನ ಪ್ರಕಾರ ಮೂರು ತಿಂಗಳ ಮೇಲಾಗಿದೆ. ಮತ್ತೆ ಸುರಿಯುತ್ತಿದ್ದೆ, ಹೌದು. ಸುಮ್ನೆ ಚೆಲ್ಲೋದು ಯಾಕೆ ಅಂತ. ಎಲೆಕ್ಟ್ರೋಡ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಇರುತ್ತೆ. ನನಗಿಂತ ಮೊದಲಿದ್ದವರು ಹಾಗೇ ಹೇಳಿಕೊಟ್ಟಿದ್ದರು.

ಮಿಲಿವೋಲ್ಟ್ ಸರ್, ಪೇಪರ್ ಕ್ಲಿಪ್ ಹಾಕಿದೆ, 0 ಬಂತು. 7ರ ಬಫರ್‌ನಲ್ಲಿ ಮೈನಸ್ 6, 9.2ರಲ್ಲಿ ಮೈನಸ್ 121.

ಮಿಲಿವೋಲ್ಟ್ · ಮಂಗಳವಾರ, ಮಧ್ಯಾಹ್ನ 1:52

ಮೀಟರ್ ಬಚಾವ್! ಫೈಲ್ ಮುಚ್ಚಿಡಿ.

ಲೆಕ್ಕ ಹೀಗೆ. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59.16 ಮಿಲಿವೋಲ್ಟ್ ಬದಲಾಗಬೇಕು. 7ರಿಂದ 9.18ಕ್ಕೆ (9.2 ಬಫರ್‌ನ ನಿಖರ ಅಂಕಿ ಅದು) 129 ಆಗಬೇಕಿತ್ತು. ನಿಮ್ಮದು 121ರಲ್ಲಿ 6 ಕಳೆದರೆ 115. ಅದೇ ಆ 89%. 7ರಲ್ಲಿ ಮೈನಸ್ 6 ಅಂದರೆ ಒಳ್ಳೆಯದೇ, ಆ ಕಡೆ ಈ ಕಡೆ 30ರವರೆಗೂ ನಡೆಯುತ್ತದೆ. ಹಾಗಾಗಿ ನನಗೆ ಎಲೆಕ್ಟ್ರೋಡ್‌ಗಿಂತ ಆ 9.2 ಬಾಟಲಿ ಮೇಲೇ ಅನುಮಾನ.

ನಿವೃತ್ತ ಮೇಷ್ಟ್ರು · ಮಂಗಳವಾರ, ಸಂಜೆ 5:10

ನನಗೂ ಹಾಗೇ ಅನ್ನಿಸಿತ್ತು. 4 ಮತ್ತು 7ರ ಬಫರ್ ಗಟ್ಟಿಗ. 9.2 ಮಾತ್ರ ಹಾಲಿದ್ದ ಹಾಗೆ, ತೆರೆದಿಟ್ಟರೆ ಕೆಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕುಡಿದು ಮೆಲ್ಲಗೆ ಇಳಿಯುತ್ತದೆ. ಮುಚ್ಚಳ ತೆಗೆದಷ್ಟೂ ಸಲ ಇಳಿಯುತ್ತದೆ. ನೀವು ಬಳಸಿದ್ದನ್ನು ಮತ್ತೆ ಸುರಿದಿದ್ದೀರಿ, ಜೊತೆಗೆ ಎಲೆಕ್ಟ್ರೋಡ್ ತೊಳೆದ ನೀರೂ ಸೇರಿದೆ. ಬಾಟಲಿ ಮೇಲೆ 9.2 ಅಂತಿದೆ, ಒಳಗೆ ಎಷ್ಟಿದೆಯೋ. ಮೀಟರ್ ಪಾಪ, ನೀವು ಹೇಳಿದ್ದನ್ನೇ ನಂಬುತ್ತದೆ.

ಟೆಂಪರೇಚರ್ ಮರೆಯಬೇಡಿ. 9.18 ಅನ್ನುವುದು 25 ಡಿಗ್ರಿಯ ಮಾತು. 40 ಡಿಗ್ರಿಯಲ್ಲಿ ಅದೇ ಬಫರ್ 9.07. ಬೇಸಿಗೆಯಲ್ಲಿ ಫ್ಯಾನೂ ಇಲ್ಲದ ಕೋಣೆಯಲ್ಲಿ ಕೂತು 9.18 ಅಂತ ಒತ್ತಿದರೆ ಅಲ್ಲೇ 0.11 ಹೋಯ್ತು.

ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಡಬಾರದು. ಗಾಜಿನ ಬುರುಡೆಯಿಂದಲೂ ಒಳಗಿನ ದ್ರಾವಣದಿಂದಲೂ ಅಯಾನುಗಳು ಹೊರಗೆ ಎಳೆದುಕೊಂಡು ಹೋಗುತ್ತವೆ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಇಡಿ. ಅದು ಇಲ್ಲದ ದಿನ 4ರ ಬಫರ್ ಆದರೂ ಸರಿ.

ಗುಲಾಬಿ ಡಬ್ಬಿ · ಮಂಗಳವಾರ, ರಾತ್ರಿ 8:30

ಹಾಗೇ ರಬ್ಬರ್ ಮುಚ್ಚಳದ್ದೂ ಹೇಳಿ ಸರ್. ಎಲೆಕ್ಟ್ರೋಡ್ ಮೇಲ್ಗಡೆ ದ್ರಾವಣ ತುಂಬಿಸುವ ತೂತು ಇರುತ್ತಲ್ಲ, ಅದರ ಮುಚ್ಚಳ. ರೀಡಿಂಗ್ ತೆಗೆಯುವಾಗ ಅದು ತೆರೆದಿರಬೇಕು. ಮುಚ್ಚಿದ್ದರೆ ಒಳಗಿನ ದ್ರಾವಣ ಇಳಿಯಲ್ಲ, ರೀಡಿಂಗ್ ನಿಲ್ಲಲ್ಲ. ನಾನು ಇದನ್ನು ಕಲಿಯಲು ಒಂದು ವರ್ಷ ಬೇಕಾಯ್ತು. ಟಿಶ್ಯೂನಲ್ಲಿ ಉಜ್ಜಲೂ ಬಾರದು, ಒತ್ತಿ ನೀರು ತೆಗೆಯಬೇಕು ಅಷ್ಟೇ.

ತಾಲ್ಲೂಕು ಲ್ಯಾಬ್ · ಬುಧವಾರ, ಸಂಜೆ 6:40

ಇವತ್ತು ಹೊಸ ಕ್ಯಾಪ್ಸೂಲ್ ಒಡೆದೆ. ಎಲೆಕ್ಟ್ರೋಡನ್ನು ನಿನ್ನೆ ರಾತ್ರಿಯಿಂದ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ನೆನೆಹಾಕಿದ್ದೆ. ರಬ್ಬರ್ ಮುಚ್ಚಳ ತೆರೆದೆ (ಮುಚ್ಚಿಯೇ ಇತ್ತು, ಅದರ ಸುತ್ತ ಬಿಳಿ ಉಪ್ಪು ಹೂ ಬಿಟ್ಟಿತ್ತು).

7ರಲ್ಲಿ ಮೈನಸ್ 6, 9.2ರಲ್ಲಿ ಮೈನಸ್ 131. ಸ್ಲೋಪ್ 97%!

ಆಮೇಲೆ ಕುತೂಹಲಕ್ಕೆ ಹಳೇ 9.2 ಬಾಟಲಿಯಿಂದ ಸ್ವಲ್ಪ ಸುರಿದು ನೋಡಿದೆ. 9.0 ಬಂತು. ಮೂರು ತಿಂಗಳಿಂದ ನಾನು 9.0ನ್ನು 9.18 ಅಂತ ಮೀಟರ್‌ಗೆ ಹೇಳಿಕೊಡುತ್ತಿದ್ದೆ.

ಈಗ ಬೇಜಾರಿನ ವಿಷಯ. ಅದೇ ಹಳ್ಳಿಯ ನೀರನ್ನು ಮತ್ತೆ ತರಿಸಿ ನೋಡಿದೆ. 7.9. ಮೊದಲು 8.0 ಇತ್ತು. ಇಷ್ಟೆಲ್ಲಾ ಮಾಡಿ ಸರಿಯಾಗಿದ್ದು 0.1.

ಮಿನರಲ್ ವಾಟರ್ · ಬುಧವಾರ, ಸಂಜೆ 6:58

ಹೇಳಿದ್ನಲ್ಲ. ಪೆನ್ ಮೀಟರ್.

ತಾಲ್ಲೂಕು ಲ್ಯಾಬ್ · ಬುಧವಾರ, ಸಂಜೆ 7:03

ಪೆನ್ ಮೀಟರನ್ನೂ ಹೊಸ ಬಫರ್‌ನಲ್ಲಿ ಹಾಕಿ ನೋಡಿದೆ ಸರ್. 7ಕ್ಕೆ 7.0, 9.2ಕ್ಕೆ 9.1.

ನಿವೃತ್ತ ಮೇಷ್ಟ್ರು · ಬುಧವಾರ, ರಾತ್ರಿ 8:20

ಹಾಗಾದರೆ ಎರಡೂ ಮೀಟರ್ ನಿಜ ಹೇಳುತ್ತಿವೆ. ಸುಳ್ಳು ಹೇಳುತ್ತಿರುವುದು ಕ್ಯಾನು.

ಬಯಲುಸೀಮೆಯ ಆಳದ ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುತ್ತದೆ. ಭೂಮಿಯೊಳಗೆ ಒತ್ತಿಟ್ಟುಕೊಂಡಿದ್ದು ಅದು. ನೀರು ಮೇಲೆ ಬಂದ ಕೂಡಲೇ ಹೊರಗೆ ಹೋಗಲು ಶುರು ಮಾಡುತ್ತದೆ. ಸೋಡಾ ಬಾಟಲಿ ತೆರೆದ ಹಾಗೆ, ಆದರೆ ಗುಳ್ಳೆ ಕಾಣಿಸದಷ್ಟು ಮೆತ್ತಗೆ. ಆ ಗ್ಯಾಸು ನೀರಲ್ಲಿ ಇದ್ದಾಗ ಹುಳಿ, ಹೋದ ಮೇಲೆ ಪಿಎಚ್ ಏರುತ್ತದೆ. ಅರ್ಧ ತುಂಬಿದ ಕ್ಯಾನು, ಬಸ್ಸಿನಲ್ಲಿ ಎರಡು ಗಂಟೆ ಕುಲುಕಾಟ, ಬಿಸಿಲು. ಇನ್ನೇನು ಬೇಕು?

ನಿಮ್ಮ ಮನೆಯಲ್ಲಿ ಬೋರ್‌ವೆಲ್ ನೀರು ತುಂಬಿಸಿಟ್ಟ ಬಿಂದಿಗೆ ಒಳಗೆ ಬಿಳಿ ಕರೆ ಕಟ್ಟುತ್ತೆ ಅಲ್ವಾ? ಅದರ ಹಿಂದೆಯೂ ಇದೇ ಕಥೆ. ಗ್ಯಾಸ್ ಹೋಯ್ತು, ಪಿಎಚ್ ಏರಿತು, ಸುಣ್ಣ ಕೆಳಗೆ ಕೂತಿತು.

ಒಂದು ಪ್ರಯೋಗ ಮಾಡಿ. ಬೋರ್‌ವೆಲ್‌ನಲ್ಲಿ ಹತ್ತು ನಿಮಿಷ ನೀರು ಬಿಟ್ಟ ಮೇಲೆ ಒಂದು ಬಕೆಟ್ ತುಂಬಿಸಿ. ಬಾಟಲಿಯನ್ನು ಬಕೆಟ್‌ನಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದ ಹಾಗೆ ಅಲ್ಲೇ ಮುಚ್ಚಳ ತಿರುಗಿಸಿ. ಇನ್ನೊಂದು ಬಾಟಲಿ ಅರ್ಧ ತುಂಬಿಸಿ. ಎರಡನ್ನೂ ಲ್ಯಾಬ್‌ಗೆ ತನ್ನಿ.

ಎಸ್‌ಟಿಪಿ ನೈಟ್ ಶಿಫ್ಟ್ · ಬುಧವಾರ, ರಾತ್ರಿ 11:50

ಮೇಷ್ಟ್ರ ಮಾತು ಓದಿ ನಮ್ಮ ಆಮ್ಲಜನಕದ ಮೀಟರ್ ನೆನಪಾಯ್ತು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಪ್ಲಾಂಟ್ ನೋಡಿಕೊಳ್ಳುತ್ತೇನೆ. ಗಾಳಿ ಊದುವ ತೊಟ್ಟಿಯಲ್ಲಿ ಡಿಒ (ನೀರಲ್ಲಿ ಕರಗಿದ ಆಮ್ಲಜನಕ) ಅಳೆಯುವ ಪ್ರೋಬ್ ಇದೆ. ಒಂದು ಸಲ ಇಡೀ ವಾರ 0.8ರ ಮೇಲೆ ಏಳಲೇ ಇಲ್ಲ. ಬ್ಲೋವರ್ ಹಗಲೂ ರಾತ್ರಿ ಓಡಿಸಿದೆವು. ಕರೆಂಟ್ ಬಿಲ್ ನೋಡಿ ಅಸೋಸಿಯೇಷನ್‌ನವರು ಕುಣಿದಾಡಿದರು.

ಕೊನೆಗೆ ಪ್ರೋಬ್ ಮೇಲೆತ್ತಿ ನೋಡಿದರೆ ತುದಿಯಲ್ಲಿ ಬೆಲ್ಲದ ಪಾಕದ ಥರ ಲೋಳೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಇಳಿಬಿಟ್ಟೆ, ಐದು ನಿಮಿಷಕ್ಕೆ 2.3! ಲೋಳೆಯಲ್ಲಿರೋ ಬ್ಯಾಕ್ಟೀರಿಯಾಗಳು ಪ್ರೋಬ್ ಬಾಯಿಗೆ ಬರುವ ಆಮ್ಲಜನಕವನ್ನು ಅಲ್ಲೇ ತಿಂದು ಹಾಕುತ್ತಿದ್ದವು. ಪ್ರೋಬ್ ಅಳೆದಿದ್ದು ತೊಟ್ಟಿಯನ್ನಲ್ಲ, ತನ್ನ ಮೂಗಿನ ಮೇಲಿನ ಲೋಳೆಯನ್ನು.

ಇನ್ನೊಂದು ತಪ್ಪು ನಮ್ಮದೇ. 25 ಡಿಗ್ರಿಯಲ್ಲಿ ನೀರು ಪೂರ್ತಿ ಗಾಳಿ ಕುಡಿದರೆ ಲೀಟರಿಗೆ 8.26 ಮಿ.ಗ್ರಾಂ. ಅಂತ ಚಾರ್ಟ್‌ನಲ್ಲಿ ಇತ್ತು, ಅದಕ್ಕೇ ಕ್ಯಾಲಿಬ್ರೇಟ್ ಮಾಡುತ್ತಿದ್ದೆವು. ಆದರೆ ಅದು ಸಮುದ್ರ ಮಟ್ಟದ್ದು. ಬೆಂಗಳೂರು ಸುಮಾರು 900 ಮೀಟರ್ ಎತ್ತರ. ಗಾಳಿ ತೆಳು, ಇಲ್ಲಿ ಸುಮಾರು 7.4 ಅಷ್ಟೇ. ಮೀಟರ್‌ನಲ್ಲಿ ಗಾಳಿಯ ಒತ್ತಡ ಹಾಕುವ ಜಾಗ ಇತ್ತು. ಯಾರೂ ಮುಟ್ಟಿರಲಿಲ್ಲ.

ಸಿಗಡಿ ಹೊಂಡ · ಗುರುವಾರ, ಬೆಳಿಗ್ಗೆ 7:05

ನಮ್ಮದು ಉಲ್ಟಾ ಕಥೆ ಅಣ್ಣ. ಕರಾವಳಿ, ಎತ್ತರದ ತಾಪತ್ರಯ ಇಲ್ಲ. ಆದರೆ ಉಪ್ಪು ಇದೆ. 30 ಡಿಗ್ರಿಯಲ್ಲಿ ಸಿಹಿನೀರು ಸುಮಾರು 7.5 ಮಿ.ಗ್ರಾಂ. ಆಮ್ಲಜನಕ ಹಿಡಿದರೆ ಸಮುದ್ರದ ನೀರು 6.2ರ ಆಸುಪಾಸು. ಮೀಟರ್‌ನಲ್ಲಿ ಉಪ್ಪಿನಂಶ 0 ಅಂತ ಬಿಟ್ಟರೆ ಸುಳ್ಳು ಸಮಾಧಾನ. ಬೆಳಗಿನ ಜಾವ 4 ಗಂಟೆಗೆ ಸಿಗಡಿ ಮೇಲೆ ಬಂದು ಒದ್ದಾಡುವಾಗ ಗೊತ್ತಾಗುತ್ತೆ.

ಬಿಳಿ ಫಿಲ್ಟರ್ · ಗುರುವಾರ, ಬೆಳಿಗ್ಗೆ 10:12

ಮಧ್ಯೆ ಒಂದು ಸಣ್ಣ ಪ್ರಶ್ನೆ. ಮನೆಯಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) ನೋಡುವ ಪೆನ್ ಇದೆ. ನಳದ ನೀರಿಗೆ 480 ತೋರಿಸುತ್ತೆ. ಆರ್‌ಒ ಮಾರುವವನು ತಂದ ಪೆನ್ 670 ತೋರಿಸಿತು. ಅವನು ಮೋಸ ಮಾಡ್ತಿದ್ದಾನಾ?

ಮಿಲಿವೋಲ್ಟ್ · ಗುರುವಾರ, ಬೆಳಿಗ್ಗೆ 10:40

ಮೋಸ ಅಂತ ಹೇಳಕ್ಕಾಗಲ್ಲ. ಟಿಡಿಎಸ್ ಪೆನ್ ಉಪ್ಪನ್ನು ತೂಗುವುದಿಲ್ಲ. ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ಅದನ್ನು ಒಂದು ಸಂಖ್ಯೆಯಿಂದ ಗುಣಿಸುತ್ತದೆ. ಕೆಲವು ಪೆನ್‌ನಲ್ಲಿ 0.5, ಕೆಲವದರಲ್ಲಿ 0.7. ನಿಮ್ಮ ನೀರಿನ ವಾಹಕತೆ 960 ಮೈಕ್ರೋಸೀಮೆನ್ಸ್ ಅಂದುಕೊಳ್ಳಿ. ಒಂದರಲ್ಲಿ 480, ಇನ್ನೊಂದರಲ್ಲಿ 672. ಐಎಸ್ 10500ರ ಗೆರೆ ಇರುವುದು 500ರಲ್ಲಿ. ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ಬಿಡುತ್ತಾರೆ, ಅದನ್ನು ಮಾರುವವನು ಹೇಳುವುದಿಲ್ಲ.

1413 ಮೈಕ್ರೋಸೀಮೆನ್ಸ್‌ನ ಸ್ಟ್ಯಾಂಡರ್ಡ್ ದ್ರಾವಣ (ಅಳತೆ ಮೊದಲೇ ಗೊತ್ತಿರುವುದು) ಸಿಗುತ್ತೆ, ಎರಡೂ ಪೆನ್ ಅದರಲ್ಲಿ ಅದ್ದಿ ನೋಡಿ. ಅಂದ ಹಾಗೆ ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕಲಕಿ, ಟಿಡಿಎಸ್ ಹೆಚ್ಚುಕಡಿಮೆ ಏರಲ್ಲ. ಸಕ್ಕರೆ ಕರೆಂಟ್ ಹರಿಸಲ್ಲ. ಮಕ್ಕಳಿಗೆ ಮಾಡಿ ತೋರಿಸಿ, ಚೆನ್ನಾಗಿರುತ್ತೆ.

ಗುಲಾಬಿ ಡಬ್ಬಿ · ಗುರುವಾರ, ಮಧ್ಯಾಹ್ನ 3:25

ನಾನು ಹಳ್ಳಿಯಲ್ಲಿ ಕಿಟ್ ಟೆಸ್ಟ್ ಮಾಡುವವಳು. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಂಗಸರಿಗೆ ಟ್ರೈನಿಂಗ್ ಕೊಟ್ಟರಲ್ಲ, ಅದರಲ್ಲಿ ಒಬ್ಬಳು. ಅದಕ್ಕೂ ಮೊದಲು ಕಾಲೇಜ್ ಲ್ಯಾಬ್‌ನಲ್ಲಿ ಅಟೆಂಡರ್ ಆಗಿದ್ದೆ, ಪಿಎಚ್ ಬುದ್ಧಿ ಅಲ್ಲಿಂದ ಬಂದಿದ್ದು.

ನಮ್ಮದು ಮೀಟರ್ ಅಲ್ಲ, ಬಣ್ಣ. ಆದರೆ ಬಣ್ಣಕ್ಕೂ ಕ್ಯಾಲಿಬ್ರೇಷನ್ ಬೇಕು ಅನ್ನಿಸುತ್ತೆ. ನಮ್ಮ ಕಿಟ್‌ನ ಬಣ್ಣದ ಚಾರ್ಟ್ ಎರಡು ವರ್ಷ ಕಿಟಕಿ ಹತ್ತಿರ ಇತ್ತು, ಗುಲಾಬಿ ಮಾಸಿ ಕೆನೆ ಬಣ್ಣ ಆಗಿತ್ತು. ಮಾಸಿದ ಚಾರ್ಟ್ ಜೊತೆ ಹೋಲಿಸಿದರೆ ಒಳ್ಳೆ ನೀರೂ ಕೆಟ್ಟದ್ದಾಗಿ ಕಾಣುತ್ತೆ. ಈಗ ಚಾರ್ಟನ್ನು ಕಪ್ಪು ಕವರ್‌ನಲ್ಲಿ ಇಡುತ್ತೇನೆ. ನೋಡುವುದು ಹಗಲಲ್ಲಿ, ಜಗಲಿ ನೆರಳಲ್ಲಿ. ಟ್ಯೂಬ್‌ಲೈಟ್ ಕೆಳಗೆ ಹಳದಿ ಬೇರೆಯೇ ಕಾಣುತ್ತೆ.

ಕ್ಲೋರಿನ್ ವಿಷಯ ಒಂದು. ಟ್ಯಾಂಕ್‌ಗೆ ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿದ ದಿನ ಡಿಪಿಡಿ ಪುಡಿ (ಕ್ಲೋರಿನ್ ಇದ್ದರೆ ಗುಲಾಬಿ ಆಗುವುದು) ಹಾಕಿದರೆ ಗುಲಾಬಿ ಬಣ್ಣ ಕ್ಷಣಕ್ಕೆ ಬಂದು ಮಾಯ ಆಗಿಬಿಡುತ್ತೆ. "ಕ್ಲೋರಿನ್ ಇಲ್ಲ, ಇನ್ನೊಂದು ಡಬ್ಬಿ ಹಾಕು" ಅಂತ ವಾಟರ್‌ಮ್ಯಾನ್ ಹೊರಟಿದ್ದ. ಕ್ಲೋರಿನ್ ಅತಿಯಾದರೆ ಬಣ್ಣವನ್ನೇ ಬಿಳಿಚುತ್ತೆ. ಹತ್ತು ಪಟ್ಟು ನೀರು ಬೆರೆಸಿ ನೋಡಿದೆ, ಗುಲಾಬಿ ಗಟ್ಟಿಯಾಗಿ ನಿಂತಿತು.

ತಾಲ್ಲೂಕು ಲ್ಯಾಬ್ · ಶುಕ್ರವಾರ, ರಾತ್ರಿ 9:00

ಗುಲಾಬಿ ಅಕ್ಕ, ಇದು ನನಗೂ ಗೊತ್ತಿರಲಿಲ್ಲ.

ಮೇಷ್ಟ್ರೇ, ಪ್ರಯೋಗ ಆಯ್ತು. ಬೋರ್‌ವೆಲ್ ಹತ್ತಿರ ಪೆನ್ ಮೀಟರ್: 7.1. ಮುಳುಗಿಸಿ ತುಂಬಿಸಿದ ಬಾಟಲಿ ಎರಡು ಗಂಟೆ ಆದ ಮೇಲೆ ಲ್ಯಾಬ್‌ನಲ್ಲಿ: 7.2. ಅರ್ಧ ತುಂಬಿದ ಬಾಟಲಿ: 7.9. ಮುಳುಗಿಸಿದ ಬಾಟಲಿಯ ನೀರನ್ನೇ ಬೀಕರ್‌ಗೆ ಸುರಿದು ಫ್ಯಾನ್ ಕೆಳಗೆ ಇಟ್ಟೆ. ನನ್ನ ಕಣ್ಣೆದುರೇ ಏರಿತು. 7.2, 7.3, ಊಟ ಮಾಡಿ ಬರುವಷ್ಟರಲ್ಲಿ 7.7.

ಜಿಲ್ಲಾ ಲ್ಯಾಬ್‌ನ 7.6ಕ್ಕೂ ಉತ್ತರ ಸಿಕ್ಕಿತು. ಅವರಿಗೆ ಹೋದ ಬಾಟಲಿ ಮುಕ್ಕಾಲು ತುಂಬಿತ್ತು.

ಈಗ ಬೇರೆ ಭಯ ಶುರುವಾಗಿದೆ. ನಮ್ಮ ಫ್ಲೋರೈಡ್ ಮೀಟರ್ ಕೂಡ ಅದೇ ಟೇಬಲ್ ಮೇಲಿದೆ. ನೋಡಿಕೊಳ್ಳುವವಳೂ ನಾನೇ. ಪಿಎಚ್ 0.9 ಆಚೀಚೆ ಆದರೆ ಯಾರೂ ಸಾಯಲ್ಲ. ಫ್ಲೋರೈಡ್ ಹಾಗಲ್ಲ.

ನಿವೃತ್ತ ಮೇಷ್ಟ್ರು · ಶನಿವಾರ, ಬೆಳಿಗ್ಗೆ 6:30

ಭಯ ಇರುವುದು ಒಳ್ಳೆಯದೇ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಓಡಾಡಿದವರಿಗೆ ಗೊತ್ತು, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದವರಿಗೆ ಬಗ್ಗದ ಬೆನ್ನು.

ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ 1 ಮಿಲಿವೋಲ್ಟ್ ತಪ್ಪಿದರೆ ಉತ್ತರ ಸುಮಾರು 4% ತಪ್ಪುತ್ತದೆ. 2 ಮಿಲಿವೋಲ್ಟ್‌ಗೆ 8%. ಲೀಟರಿಗೆ ನಿಜವಾಗಿ 1.5 ಮಿ.ಗ್ರಾಂ. ಇರುವ ನೀರು 1.38 ಅಂತಲೂ ಬರಬಹುದು, 1.62 ಅಂತಲೂ ಬರಬಹುದು. ಗರಿಷ್ಠ ಮಿತಿ 1.5. ಒಂದು ಉತ್ತರಕ್ಕೆ ಬೋರ್‌ವೆಲ್ ಮುಚ್ಚುತ್ತಾರೆ, ಇನ್ನೊಂದಕ್ಕೆ ಕುಡಿಯಿರಿ ಅನ್ನುತ್ತಾರೆ. ಆ 2 ಮಿಲಿವೋಲ್ಟ್ ಎಲ್ಲಿಂದ ಬೇಕಾದರೂ ಬರುತ್ತದೆ. ಸ್ಟ್ಯಾಂಡರ್ಡ್ ಫ್ರಿಜ್‌ನಿಂದ ತೆಗೆದ ತಕ್ಷಣ ಬಳಸಿದರೆ, ಸ್ಯಾಂಪಲ್ ಬಿಸಿಲಿನಿಂದ ಬಂದಿದ್ದರೆ, ಕಲಕುವ ವೇಗ ಬೇರೆಯಾದರೆ. ಎಲ್ಲವೂ ಒಂದೇ ಬಿಸಿಗೆ ಬರುವವರೆಗೆ ಕಾಯಿರಿ. ಟಿಸ್ಯಾಬ್ ದ್ರಾವಣವನ್ನು ಸ್ಟ್ಯಾಂಡರ್ಡ್‌ಗೂ ಸ್ಯಾಂಪಲ್‌ಗೂ ಸಮಸಮ ಹಾಕಿ. ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡ ಫ್ಲೋರೈಡನ್ನು ಬಿಡಿಸುವುದೇ ಅದು. ಫ್ಲೋರೈಡ್ ಸ್ಟ್ಯಾಂಡರ್ಡ್ ಗಾಜಿನ ಬಾಟಲಿಯಲ್ಲಿ ಬೇಡ, ಪ್ಲಾಸ್ಟಿಕ್.

ಮಿಲಿವೋಲ್ಟ್ · ಶನಿವಾರ, ಬೆಳಿಗ್ಗೆ 9:15

ನಾನು ಒಂದೇ ಒಂದು ಅಭ್ಯಾಸ ಸೇರಿಸುತ್ತೇನೆ. ಇದನ್ನು ಮಾಡುವ ಲ್ಯಾಬ್ ಕೈಬೆರಳಲ್ಲಿ ಎಣಿಸುವಷ್ಟು ನೋಡಿದ್ದೇನೆ.

ಬೆಳಿಗ್ಗೆ ಬಂದ ಕೂಡಲೇ ಕ್ಯಾಲಿಬ್ರೇಷನ್ ಬಟನ್ ಒತ್ತಬೇಡಿ. ಮೊದಲು ಸ್ಟ್ಯಾಂಡರ್ಡನ್ನು ಸ್ಯಾಂಪಲ್ ಥರ ಅಳೆಯಿರಿ. 1.0 ಫ್ಲೋರೈಡ್‌ಗೆ ಮೀಟರ್ ಎಷ್ಟು ಹೇಳುತ್ತೆ? 0.98 ಬಂತಾ, 0.86 ಬಂತಾ? ಅದನ್ನು ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಬಟನ್. ಬಟನ್ ಒತ್ತಿದ ಮೇಲೆ ಮೀಟರ್ 1.0 ಅಂತಲೇ ಹೇಳುತ್ತೆ, ನಿನ್ನೆ ಸಂಜೆ ಎಷ್ಟು ತಪ್ಪಿತ್ತು ಅನ್ನುವ ಸಾಕ್ಷಿ ಅಳಿಸಿಹೋಗುತ್ತೆ. 0.86 ಬಂದಿದ್ದರೆ ನಿನ್ನೆ ಕಳಿಸಿದ ರಿಪೋರ್ಟ್‌ಗಳ ಗತಿ ಏನು? ಅದನ್ನು ಕೇಳಬೇಕಾದರೆ ಆ 0.86 ಪುಸ್ತಕದಲ್ಲಿ ಇರಬೇಕು.

ಚೆಕ್ ಮಾಡುವ ಸ್ಟ್ಯಾಂಡರ್ಡ್ ಕ್ಯಾಲಿಬ್ರೇಷನ್ ಬಾಟಲಿಯದ್ದೇ ಆಗಿರಬಾರದು. ಬೇರೆ ಲಾಟ್. ನಿಮ್ಮ 9.2 ಬಾಟಲಿ ಮೂರು ತಿಂಗಳು ಸಿಕ್ಕಿಹಾಕಿಕೊಳ್ಳದೆ ಇದ್ದಿದ್ದು ಅದಕ್ಕೇ. ಅದನ್ನು ಅದರಿಂದಲೇ ಪರೀಕ್ಷೆ ಮಾಡುತ್ತಿದ್ದಿರಿ.

ಮಿನರಲ್ ವಾಟರ್ · ಶನಿವಾರ, ಬೆಳಿಗ್ಗೆ 9:50

ಸರಿಯಪ್ಪಾ, ಪೆನ್ ಮೀಟರ್ ಬಗ್ಗೆ ಹೇಳಿದ್ದು ವಾಪಸ್ ತಗೊಂಡೆ. ಆದರೆ ಆಡಿಟ್ ಬಂದಾಗ 0.86 ಅಂತ ಬರೆದಿದ್ದರೆ ಬೈಯ್ಯಲ್ವಾ? ನಾವು ಯಾವಾಗಲೂ 1.00 ಅಂತಲೇ ಬರೆಯೋದು.

ಮಿಲಿವೋಲ್ಟ್ · ಶನಿವಾರ, ಬೆಳಿಗ್ಗೆ 10:02

ವರ್ಷಪೂರ್ತಿ 1.00, 1.00, 1.00 ಅಂತಿರುವ ಪುಸ್ತಕ ನೋಡಿದರೇ ತಿಳಿದವರಿಗೆ ಅನುಮಾನ ಬರೋದು ಸರ್.

ಮಳೆನೀರು · ಶನಿವಾರ, ಸಂಜೆ 4:45

ಮಲೆನಾಡಿನ ನೀರು ಶುದ್ಧೀಕರಣ ಘಟಕದಿಂದ ಒಂದು ಸಾಲು. ಕದಡು ಅಳೆಯುವಾಗ ತಣ್ಣನೆ ಸ್ಯಾಂಪಲ್ ತುಂಬಿದ ಗಾಜಿನ ಕೊಳವೆ ಹೊರಗೆ ಬೆವರುತ್ತೆ. ನಿಜವಾದ 0.6 ಎನ್‌ಟಿಯು (ಕದಡಿನ ಅಳತೆ) 2 ಅಂತ ಬರುತ್ತೆ. ಒರೆಸಿ, ಗುಳ್ಳೆ ಹೋಗುವವರೆಗೆ ಬಿಟ್ಟು, ಬೆರಳು ಮೇಲ್ಗಡೆ ಮಾತ್ರ ಹಿಡಿದು ಹಾಕಿ. ಗೀರು ಬಿದ್ದ ಕೊಳವೆ ಇಟ್ಟುಕೊಂಡು ಮೀಟರ್‌ಗೆ ಬೈಯ್ಯುವವರು ನಮ್ಮಲ್ಲೂ ಇದ್ದಾರೆ.

ತಾಲ್ಲೂಕು ಲ್ಯಾಬ್ · ಸೋಮವಾರ, ಸಂಜೆ 6:10

ಇವತ್ತಿನ ಕಥೆ ಹೇಳಿಬಿಡುತ್ತೇನೆ.

ಬೆಳಿಗ್ಗೆ ಬಟನ್ ಒತ್ತದೆ ಫ್ಲೋರೈಡ್ ಚೆಕ್ ಮಾಡಿದೆ. ಬೇರೆ ಲಾಟ್‌ನ ಸ್ಟ್ಯಾಂಡರ್ಡ್ ಜಿಲ್ಲಾ ಲ್ಯಾಬ್‌ನಿಂದ 50 ಮಿ.ಲೀ. ಬೇಡಿ ತಂದಿದ್ದೆ. 1.0 ಇರಬೇಕಾದ ಕಡೆ 0.93. ಬರೆದೆ. ಸಾಹೇಬರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ವಾರ 1.4 ಮತ್ತು 1.45 ಬಂದಿದ್ದ ಎರಡು ಹಳ್ಳಿಯ ಫೈಲ್ ತೆಗೆಸಿದರು. ನಾಳೆ ಎರಡೂ ಕಡೆಯಿಂದ ಸ್ಯಾಂಪಲ್ ಮತ್ತೆ ಬರುತ್ತೆ.

ಆ ಮೂರು ರಿಪೋರ್ಟ್ ಹಿಡಿದು ಕೇಳಿದವರಿಗೂ ಫೋನ್ ಮಾಡಿದೆ. ಪಿಎಚ್‌ಗೆ ನಿಮ್ಮ ಬೋರ್‌ವೆಲ್ ಹತ್ತಿರ ಬಂದ 7.1 ನಿಜ ಅಂತ ಹೇಳಿದೆ. ಅವರು "ಹಂಗಾದ್ರೆ ನಿಮ್ಮ ದೊಡ್ಡ ಮೀಟರ್ ಯಾಕೆ ಮೇಡಂ?" ಅಂದರು. ಅದಕ್ಕೆ ಉತ್ತರ ಯಾರಾದರೂ ಕೊಡಿ.

ಗುಲಾಬಿ ಡಬ್ಬಿ · ಸೋಮವಾರ, ಸಂಜೆ 6:32

ದೊಡ್ಡ ಮೀಟರನ್ನೇ ಬೋರ್‌ವೆಲ್ ಹತ್ತಿರ ಹೊತ್ಕೊಂಡು ಬನ್ನಿ ಮೇಡಂ, ನಾವು ಟೀ ಮಾಡಿಕೊಡ್ತೀವಿ.